ಗಣಕಯಂತ್ರದ ಹಿಂಬದಿ ಜೋಡಣೆ: ತಿಳಿದಿರಬೇಕಾದ ಅಂಶಗಳು

ಹಾವೇರಿ ತಾಲ್ಲೂಕಿನ ಕರ್ಜಗಿಯಂಥ ಹೋಬಳಿ ಊರಿಗೆ ಸುತ್ತಲಿನ ರೈತರು ಉತಾರ, ಬೆಳೆ ವಿಮೆ, ರಿಯಾಯಿತಿ ಬೀಜ ಮುಂತಾದ ಕೆಲಸಗಳಿಗಾಗಿ ಬರುತ್ತಾರೆ. ೨೦೦೦ದ ಸುಮಾರಿಗೆ ‘ಭೂಮಿ’ ಯೋಜನೆಯಡಿ ಕೈಬರಹದ ಉತಾರವು ಗಣಕಯಂತ್ರಕ್ಕೆ ಬಂದ ಮೇಲೆ ಇಂಥ ಕೆಲಸಗಳು ಒಂದೊಂದಾಗಿ ಯಂತ್ರವನ್ನೇ ಅವಲಂಬಿಸಿವೆ. ಮುಂಗಾರಿನ ಹದದಲ್ಲಿ ಬಿತ್ತನೆ ಬಿಟ್ಟು ಬಂದ ರೈತನು ‘ಯಂತ್ರ ಕೆಟ್ಟಿದೆ’ ಎಂಬ ಮಾತು ಕೇಳಿ ಬರಿಗೈಲಿ ಮರಳಿದರೆ ಒಂದು ದಿನದ ಹದವೇ ತಪ್ಪುತ್ತದೆ. ಎಷ್ಟೋ ಸಲ ಕೆಟ್ಟಿರುವುದು ಯಂತ್ರವಲ್ಲ. ಹಿಂಬದಿಯ ಒಂದು ವಯರು ಸಡಿಲಾಗಿರುತ್ತದೆ, ಇಲ್ಲವೆ ತಪ್ಪು ಕಿಂಡಿಗೆ ಸೇರಿರುತ್ತದೆ. ಸಂಘದಲ್ಲಾಗಲಿ ಮನೆಯಲ್ಲಾಗಲಿ ಯಂತ್ರವಿಟ್ಟುಕೊಂಡ ಯುವ ರೈತರು ಈ ಜೋಡಣೆಯನ್ನು ತಾವೇ ಕಲಿಯಬಹುದು.

ಮೊದಲ ಎಚ್ಚರಿಕೆ

ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚುವ ಮೊದಲು ಮೇನ್ ತೆಗೆಯುವ ರೂಢಿ ಎಲ್ಲರಿಗೂ ಗೊತ್ತು. ಇಲ್ಲಿಯೂ ಅದೇ ನಿಯಮ. ಯಂತ್ರವನ್ನು ಕ್ರಮವಾಗಿ ನಿಲ್ಲಿಸಿ, ಗೋಡೆಯ ಸ್ವಿಚ್ ಆರಿಸಬೇಕು. ಉಳಿದೆಲ್ಲ ವಯರು ಜೋಡಿಸಿದ ಮೇಲೆ ಕಡೆಯದಾಗಿ ವಿದ್ಯುತ್ ವಯರು ಹಾಕತಕ್ಕದ್ದು.

ಕಿಂಡಿಗಳನ್ನು ಗುರುತಿಸುವ ಬಗೆ

೧. ಪರದೆ: ಹಳೆಯ ಬಗೆಯದು ನೀಲಿ ಬಣ್ಣದ, ೧೫ ಪಿನ್ನಿನ ವಿಜಿಎ ಕಿಂಡಿ, ಎರಡೂ ಬದಿಯ ತಿರುಪು ಬಿಗಿಯಬೇಕು. ಹೊಸದು ಚಪ್ಪಟೆಯಾದ ಎಚ್‌ಡಿಎಂಐ. ಯಂತ್ರದಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ವಯರು ಅದರ ಕಿಂಡಿಗೇ ಸೇರಬೇಕು. ಇಲ್ಲವಾದರೆ ಪರದೆ ಕಪ್ಪಾಗಿಯೇ ಉಳಿಯಬಹುದು.

೨. ಕೀಲಿಮಣೆ ಮತ್ತು ಮೌಸ್: ಹಳೆಯ ಯಂತ್ರಗಳಲ್ಲಿ ಎರಡು ದುಂಡು ಕಿಂಡಿಗಳಿರುತ್ತವೆ. ನೇರಳೆ ಬಣ್ಣದ್ದು ಕೀಲಿಮಣೆಗೆ, ಹಸಿರು ಮೌಸಿಗೆ. ಇವನ್ನು ಯಂತ್ರ ಆರಿದ್ದಾಗ ಮಾತ್ರ ಜೋಡಿಸಬೇಕು.

೩. ಯುಎಸ್‌ಬಿ: ೧೯೯೬ರಲ್ಲಿ ಬಂದ ಈ ಆಯತಾಕಾರದ ಕಿಂಡಿಗೆ ಮುದ್ರಣಯಂತ್ರ, ಬೆರಳಚ್ಚು ಉಪಕರಣ, ಈಗಿನ ಕೀಲಿಮಣೆ, ಮೌಸ್ ಎಲ್ಲವೂ ಸೇರುತ್ತವೆ. ಯಂತ್ರ ನಡೆಯುತ್ತಿರುವಾಗಲೂ ಹಾಕಬಹುದು. ಬೆರಳಚ್ಚು ಮೂಡದಿದ್ದಾಗ, ರೈತನ ಕೈ ಸವೆದಿದೆ ಎನ್ನುವ ಮೊದಲು ಈ ವಯರನ್ನೂ ಉಪಕರಣದ ಗಾಜನ್ನೂ ನೋಡತಕ್ಕದ್ದು.

೪. ಅಂತರ್ಜಾಲದ ವಯರು: ಟೆಲಿಫೋನ್ ವಯರಿನ ತುದಿಯಂತೆ ಕಂಡರೂ ಅದಕ್ಕಿಂತ ಅಗಲ, ಒಳಗೆ ೮ ತಂತಿಗಳು. ‘ಟಕ್’ ಎಂದು ಕೂರಬೇಕು. ಕಿಂಡಿಯ ಪಕ್ಕದ ಸಣ್ಣ ದೀಪ ಹೊತ್ತಿದರೆ ಸಂಪರ್ಕ ಸಿಕ್ಕಿದೆಯೆಂದು ತಿಳಿಯಬೇಕು.

೫. ಧ್ವನಿ: ತಿಳಿಹಸಿರು ಕಿಂಡಿ ಸ್ಪೀಕರಿಗೆ, ಗುಲಾಬಿ ಕಿಂಡಿ ಮೈಕಿಗೆ.

ಅನುಸರಿಸಬೇಕಾದ ಕ್ರಮಗಳು

* ಯಾವ ವಯರನ್ನೂ ಬಲವಂತದಿಂದ ತುರುಕಕೂಡದು. ಆಕಾರ ಹೊಂದಿದರೆ ತಾನಾಗಿ ಕೂರುತ್ತದೆ. ಪಿನ್ನು ಬಾಗಿದರೆ ವಯರೇ ಹಾಳು.
* ಮೂರು ಪಿನ್ನಿನ ಪ್ಲಗ್ಗನ್ನೇ ಬಳಸಿ, ಸರಿಯಾದ ಅರ್ಥಿಂಗ್ ಮಾಡಿಸಬೇಕು.
* ಲೇಸರ್ ಮುದ್ರಣಯಂತ್ರವನ್ನು ಸಣ್ಣ ಯುಪಿಎಸ್‌ಗೆ ಜೋಡಿಸಬಾರದು. ಅದು ಎಳೆಯುವ ವಿದ್ಯುತ್ ಹೆಚ್ಚು.
* ಏಪ್ರಿಲ್–ಮೇ ತಿಂಗಳ ಅಡ್ಡಮಳೆಯ ಮೋಡ ಕಟ್ಟಿದ ಕೂಡಲೇ, ಗುಡುಗು ಸಮೀಪಿಸುವ ಮೊದಲೇ, ವಿದ್ಯುತ್ ವಯರಿನೊಂದಿಗೆ ಅಂತರ್ಜಾಲದ ವಯರನ್ನೂ ಕೀಳಬೇಕು. ಸಿಡಿಲಿನ ಹೊಡೆತ ಎರಡು ದಾರಿಯಿಂದಲೂ ಬರುತ್ತದೆ.
* ವಯರು ಬಿಚ್ಚುವ ಮೊದಲು ಪ್ರತಿಯೊಂದಕ್ಕೂ ಹೆಸರಿನ ಚೀಟಿ ಅಂಟಿಸಬೇಕು.

ಇಷ್ಟನ್ನು ರೂಢಿಸಿಕೊಂಡಲ್ಲಿ ಸಣ್ಣ ದೋಷಕ್ಕಾಗಿ ಪೇಟೆಯ ಮೆಕ್ಯಾನಿಕ್ಕಿಗೆ ಕಾಯಬೇಕಾಗುವುದಿಲ್ಲ. ಸಾಲಿನಲ್ಲಿ ನಿಂತ ರೈತನ ಹೊತ್ತೂ ಉಳಿಯುತ್ತದೆ.