ಪಂಪ್‌ಮನೆಯ ಪುಟ್ಟ ಕಂಪ್ಯೂಟರಿಗೆ ಪಾಸ್‌ವರ್ಡು ಇಡುವ ಕ್ರಮ



ಮೂರು ಫೇಸ್ ಕರೆಂಟು ನಡುರಾತ್ರಿ ಬಂದರೆ ಎದ್ದು, ಬ್ಯಾಟರಿ ಹಿಡಿದು ಪಂಪ್‌ಮನೆಗೆ ನಡೆಯುವ ಕಷ್ಟವನ್ನು ನಿಮಗೆ ನಾನು ಹೇಳಬೇಕಾದುದಿಲ್ಲ. ಹಾವು ಹುಳುವಿನ ಭಯ ಒಂದು, ನಿದ್ದೆಗೇಡು ಇನ್ನೊಂದು. ಆದುದರಿಂದಲೇ ನಮ್ಮ ಬ್ಲಾಕಿನ ಕೆಲವರು ಪಂಪ್‌ಮನೆಯಲ್ಲಿ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರನ್ನು ಇಟ್ಟು, ಬಲ್ಲ ಎಲೆಕ್ಟ್ರಿಷಿಯನ್‌ರಿಂದ ರಿಲೇ ಮೂಲಕ ಅದಕ್ಕೆ ಸ್ಟಾರ್ಟರನ್ನು ಸೇರಿಸಿಕೊಂಡು, ಮನೆಯ ಮಂಚದ ಮೇಲಿಂದಲೇ ಮೋಟಾರು ಹಾಕುತ್ತಿದ್ದಾರೆ. ಇದು ಒಳ್ಳೆಯದೇ. ಆದರೆ ನೀವು ನಿಮ್ಮ ಮಂಚದಿಂದ ಹಾಕುವ ಮೋಟಾರನ್ನು ಇನ್ನೊಬ್ಬನು ಅವನ ಮಂಚದಿಂದಲೂ ಹಾಕಬಹುದು. ಇದನ್ನು ನಾನು ಮರೆತುದರಿಂದ ಒಬ್ಬ ರೈತರಿಗೆ ನಷ್ಟವಾಯಿತು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಕಳೆದ ವರ್ಷ ಹಿರಿಯ ರೈತರೊಬ್ಬರ ಮನೆಯ ಹಿಂದಿನ ತೋಟದಲ್ಲಿ ಈ ಏರ್ಪಾಡನ್ನು ನಾನೇ ನಿಂತು ಮಾಡಿಸಿದೆ. ನೆನಪಿನಲ್ಲಿ ಉಳಿಯಲೆಂದು ಊರ ಹೆಸರು ಬರೆದು, ಮುಂದೆ 123 ಸೇರಿಸಿ, ಅದನ್ನೇ ಪಾಸ್‌ವರ್ಡು ಮಾಡಿದೆ. ಅವರ ಮನೆಯ ವೈಫೈಯನ್ನು ನೆರೆಮನೆಯ ಹುಡುಗರೂ ಬಳಸುತ್ತಿದ್ದರು. ಅವರಲ್ಲೊಬ್ಬನು ಕೇಡು ಬಗೆದು ಅಲ್ಲ, ಹುಡುಗಾಟಕ್ಕೆ, ಊಹಿಸಿ ಊಹಿಸಿ ಒತ್ತಿ ನೋಡಿದ. ಮೂರನೆಯ ಸಲಕ್ಕೆ ಬಾಗಿಲು ತೆರೆಯಿತು. ಮೋಟಾರು ಹಾಕಿದವನು ನಿಲ್ಲಿಸದೆ ಮಲಗಿಬಿಟ್ಟ. ಬೆಳಗಾಗುವ ಹೊತ್ತಿಗೆ ಟೊಮೇಟೊ ಸಸಿಮಡಿಯಲ್ಲಿ ಪಾದ ಮುಳುಗುವಷ್ಟು ನೀರು. ಇನ್ನೇನು ನಾಟಿಗೆ ಬಂದಿದ್ದ ಸಸಿಗಳು ನಾಲ್ಕೈದು ದಿನಗಳಲ್ಲಿ ಬುಡ ಕೊಳೆತು ಮಲಗಿದವು. “ಬೀಗ ಹಾಕಿದೀನಿ ಅಂದಿದ್ರಲ್ಲ, ಸ್ವಾಮಿ?” ಎಂದು ಆ ಹಿರಿಯರು ಕೇಳಿದರು. ಹಾಕಿದ್ದೆ, ಕೀಲಿಕೈಯನ್ನು ಹೊಸ್ತಿಲ ಮೇಲೇ ಇಟ್ಟಿದ್ದೆ.

ಕೃಷಿ ಡಿಪ್ಲೊಮಾ ಓದಿದವನಿಗೆ ಈ ಉಸಾಬರಿ ಏಕೆ ಎನ್ನುವವರಿದ್ದಾರೆ. ಸಸಿಮಡಿ ಹೋದ ಮೇಲೆ ಕಲಿಯದೆ ಇರುವುದು ಹೇಗೆ?

ಈ ಕಂಪ್ಯೂಟರು ಕೆಲಸ ಮಾಡುವ ಬಗೆಯನ್ನು ಮೊದಲು ತಿಳಿಯಿರಿ. ಪಂಪ್‌ಮನೆಯಲ್ಲಿ ಅದಕ್ಕೆ ಪರದೆಯೂ ಬೇಡ, ಕೀಲಿಮಣೆಯೂ ಬೇಡ. ಅದರ ಪರದೆಯ ಚಿತ್ರವನ್ನು ನಿಮ್ಮ ಫೋನಿಗೆ ತಂದು, ನಿಮ್ಮ ಬೆರಳೊತ್ತನ್ನು ಅದಕ್ಕೆ ಮುಟ್ಟಿಸುವ ಒಂದು ಪದ್ಧತಿಯಿದೆ. ಅದಕ್ಕೆ ವಿ.ಎನ್.ಸಿ. ಎಂದು ಹೆಸರು. 1990ರ ದಶಕದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಅದು ಹುಟ್ಟಿತು. 2012ರಲ್ಲಿ ಮಾರಾಟಕ್ಕೆ ಬಂದ ರಾಸ್ಪ್‌ಬೆರಿ ಪೈ ಸಹ ಅದೇ ಊರಿನದು. ಫೋನಿನಿಂದ ಒಳಗೆ ಹೋಗುವವನನ್ನು ಕಂಪ್ಯೂಟರು ಹೆಸರು ಮತ್ತು ಪಾಸ್‌ವರ್ಡು ಕೇಳುತ್ತದೆ. ಎರಡೂ ಸರಿಯಿದ್ದರೆ ಅವನೇ ಯಜಮಾನ. ಮುಖ ನೋಡಿ ಗುರುತು ಹಿಡಿಯುವ ಶಕ್ತಿ ಅದಕ್ಕಿಲ್ಲ.

ಮೊದಲ ಸಲ ಕಂಪ್ಯೂಟರನ್ನು ಮನೆಯ ಟಿ.ವಿ.ಗೆ ಜೋಡಿಸಿ, ಕೀಲಿಮಣೆ ಮತ್ತು ಮೌಸ್ ಸಿಕ್ಕಿಸಿ ಚಾಲೂ ಮಾಡಿ. ಮೆಮೊರಿ ಕಾರ್ಡು ಹೊಸದಾಗಿ ಬರೆದುದಾದರೆ ಅದು ತಾನಾಗಿಯೇ ನಿಮಗೊಂದು ಹೆಸರನ್ನೂ ಪಾಸ್‌ವರ್ಡನ್ನೂ ಇಡಲು ಹೇಳುತ್ತದೆ, ಇಲ್ಲವೆ ಕಾರ್ಡು ಬರೆಯುವಾಗಲೇ ಅವನ್ನು ಕೇಳಿರುತ್ತದೆ. ಅಪಾಯವಿರುವುದು ಹಳೆಯ ಕಾರ್ಡುಗಳಲ್ಲಿ. 2022ರ ಏಪ್ರಿಲ್‌ವರೆಗೆ ಬಂದ ಕಾರ್ಡುಗಳಲ್ಲಿ ಹೆಸರು ‘ಪೈ’ ಎಂದೂ ಪಾಸ್‌ವರ್ಡು ‘ರಾಸ್ಪ್‌ಬೆರಿ’ ಎಂದೂ ಮೊದಲೇ ಇರುತ್ತಿತ್ತು. ಲೋಕಕ್ಕೆಲ್ಲಾ ಒಂದೇ ಕೀಲಿಕೈ! 2017ರಲ್ಲಿ ಲಿನಕ್ಸ್ ಮಲ್‌ಡ್ರಾಪ್ 14 ಎಂಬ ಕಳ್ಳ ಪ್ರೋಗ್ರಾಮೊಂದು ಇದನ್ನೇ ಹಿಡಿದು, ಪರದೆಯ ಬಾಗಿಲಿನಿಂದಲ್ಲ, ದೂರದಿಂದ ಆಜ್ಞೆ ಬರೆಯುವ ಎಸ್.ಎಸ್.ಎಚ್. ಎಂಬ ಬಾಗಿಲಿನಿಂದ ಈ ಕಂಪ್ಯೂಟರುಗಳೊಳಗೆ ನುಗ್ಗಿತು. ನುಗ್ಗಿ ಪಾಸ್‌ವರ್ಡನ್ನು ತಾನೇ ಬದಲಾಯಿಸಿ, ಯಜಮಾನನನ್ನು ಹೊರಗಿಟ್ಟು, ಯಾರಿಗೋ ಡಿಜಿಟಲ್ ನಾಣ್ಯ ಗಳಿಸಿಕೊಡಲು ಯಂತ್ರವನ್ನು ದುಡಿಸಿತು. ಎರಡು ಬಾಗಿಲಿಗೂ ಇರುವುದು ಸಾಮಾನ್ಯವಾಗಿ ಒಂದೇ ಪಾಸ್‌ವರ್ಡು ಎಂಬುದನ್ನು ಗಮನಿಸಿ. ಯಾರಾದರೂ ಹಳೆಯ ಕಾರ್ಡು ಕೊಟ್ಟರೆ ವೈಫೈಗೆ ಸೇರಿಸುವ ಮೊದಲೇ ಪಾಸ್‌ವರ್ಡು ಬದಲಾಯಿಸಿ. ಅದಕ್ಕಿಂತ ಕಾರ್ಡನ್ನೇ ಹೊಸದಾಗಿ ಬರೆಸುವುದು ಮೇಲು.

ಪಾಸ್‌ವರ್ಡು ಹೇಗಿರಬೇಕು? ಊರು, ಮಕ್ಕಳ ಹೆಸರು, ಎತ್ತಿನ ಹೆಸರು, ಫೋನ್ ನಂಬರು ಇವು ಯಾವುವೂ ಆಗದು. ನಿಮ್ಮನ್ನು ಬಲ್ಲವರು ಮೊದಲು ಊಹಿಸುವುದೇ ಇವನ್ನು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಮಾತುಗಳನ್ನು ಸೇರಿಸಿ. ಏಣಿ, ಹುಣಸೆ, ಮಂಗಳವಾರ, ಕಂಬಳಿ ಎಂಬಂತೆ. (ಇದನ್ನೇ ಇಡಬೇಡಿ, ಈ ಪತ್ರಿಕೆ ಊರೂರಿಗೆ ಹೋಗುತ್ತದೆ.) ಇವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಬೇಕಾದುದರಿಂದ ಹುಣಸೆಯನ್ನು ನೀವು ಯಾವ ಅಕ್ಷರಗಳಿಂದ ಬರೆದಿರಿ ಎಂಬುದೂ ನೆನಪಿರಬೇಕು. ಒಂದು ದಿನ ಒಂದು ರೀತಿ, ಇನ್ನೊಂದು ದಿನ ಇನ್ನೊಂದು ರೀತಿ ಬರೆದರೆ ಯಂತ್ರ ಒಪ್ಪುವುದಿಲ್ಲ. ಒತ್ತುವಾಗ ಕೆಲವು ಕಡೆ ಪರದೆಯ ಮೇಲೆ ಏನೂ ಮೂಡುವುದಿಲ್ಲ, ಚುಕ್ಕೆ ಕೂಡ. ಕೀಲಿಮಣೆ ಕೆಟ್ಟಿತೆಂದು ತಿಳಿಯದೆ ಪೂರ್ತಿ ಒತ್ತಿ ಎಂಟರ್ ಕೊಡಿ.

ಬಳಿಕ ಮೆನುವಿನ ಪ್ರಿಫರೆನ್ಸಸ್ ಭಾಗಕ್ಕೆ ಹೋಗಿ, ಕಂಪ್ಯೂಟರಿನ ಏರ್ಪಾಡುಗಳಿರುವ ಕಿಟಕಿ ತೆರೆದು, ಇಂಟರ್‌ಫೇಸಸ್ ಎಂಬಲ್ಲಿ ವಿ.ಎನ್.ಸಿ.ಯನ್ನು ಚಾಲೂ ಮಾಡಿ. ಅಲ್ಲೇ ಎಸ್.ಎಸ್.ಎಚ್. ಎಂದೂ ಇರುತ್ತದೆ, ಬಳಸದವರು ಅದನ್ನು ಮುಚ್ಚಿಡಿ. ಪರದೆಯ ಮೇಲ್ತುದಿಯ ವೈಫೈ ಗುರುತಿನ ಮೇಲೆ ಬಾಣವನ್ನು ನಿಲ್ಲಿಸಿದರೆ ಕಂಪ್ಯೂಟರಿನ ವಿಳಾಸ, ಅಂದರೆ ಚುಕ್ಕೆಗಳ ನಡುವೆ ನಾಲ್ಕು ಸಂಖ್ಯೆಗಳು, ಕಾಣುತ್ತದೆ. ಅದನ್ನು ಫೋನಿನ ವಿ.ಎನ್.ಸಿ. ವ್ಯೂವರ್ ಆ್ಯಪಿನಲ್ಲಿ ಬರೆದು, ಹೆಸರು ಪಾಸ್‌ವರ್ಡು ಕೊಟ್ಟರೆ ಪಂಪ್‌ಮನೆಯ ಪರದೆ ಕೈಗೆ ಬರುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಕೆಲವು ಕಡೆ ಕಂಪ್ಯೂಟರಿನ ಪಾಸ್‌ವರ್ಡು ಬೇಡ, ವಿ.ಎನ್.ಸಿ.ಗೇ ಬೇರೊಂದು ಪಾಸ್‌ವರ್ಡು ಇಡಿ ಎಂಬ ಹಳೆಯ ಕ್ರಮವನ್ನು ಹೇಳಿಕೊಡುತ್ತಾರೆ. ಆ ಕ್ರಮದಲ್ಲಿ ಮೊದಲ 8 ಅಕ್ಷರಗಳಿಗೆ ಮಾತ್ರ ಬೆಲೆ. ನೀವು 20 ಅಕ್ಷರ ಬರೆದರೂ ಉಳಿದ 12 ಲೆಕ್ಕಕ್ಕಿಲ್ಲ. ನಾಲ್ಕು ಮಾತಿನ ಪಾಸ್‌ವರ್ಡು ಅಲ್ಲಿ ಒಂದೂವರೆ ಮಾತಿನದಾಗುತ್ತದೆ. ಆದುದರಿಂದ ಹೆಸರು, ಪಾಸ್‌ವರ್ಡು ಎರಡನ್ನೂ ಕೇಳುವ ಕ್ರಮವನ್ನೇ ಉಳಿಸಿಕೊಳ್ಳಿ.

ಪೇಟೆಗೆ ಹೋದಾಗಲೂ ಮೋಟಾರು ನೋಡಬೇಕೆಂಬ ಆಸೆ ಸಹಜ. ಅದಕ್ಕಾಗಿ ರೂಟರಿನಲ್ಲಿ 5900 ಎಂಬ ಬಾಗಿಲನ್ನು ಹೊರಕ್ಕೆ ತೆರೆದಿಡಿ ಎಂದು ಹೇಳುವವರ ಮಾತು ಕೇಳಬೇಡಿ. ತೆರೆದ ಬಾಗಿಲುಗಳನ್ನು ಹುಡುಕುತ್ತಾ ಹಗಲಿರುಳು ತಿರುಗುವ ಪ್ರೋಗ್ರಾಮುಗಳು ಲೋಕದಲ್ಲಿ ಎಷ್ಟೋ ಇವೆ. ರಾಸ್ಪ್‌ಬೆರಿ ಪೈ ಮಾಡುವವರೇ 2024ರ ಮೇ ತಿಂಗಳಲ್ಲಿ ‘ಕನೆಕ್ಟ್’ ಎಂಬ ಏರ್ಪಾಡು ತಂದಿದ್ದಾರೆ. ಅದರಲ್ಲಿ ರೂಟರಿನ ಬಾಗಿಲು ತೆರೆಯದೆಯೇ ದೂರದಿಂದ ಪರದೆ ನೋಡಬಹುದು. ಅದಕ್ಕೆ ಬೇರೆ ಖಾತೆ, ಬೇರೆ ಪಾಸ್‌ವರ್ಡು.

ಪಾಸ್‌ವರ್ಡನ್ನು ಬರೆದಿಡಬಾರದೆಂದು ನಾನು ಹೇಳುವುದಿಲ್ಲ. ಮರೆತರೆ ಕಷ್ಟ ನಿಮಗೇ. ಆದರೆ ಪಹಣಿ, ಪಾಸ್‌ಪುಸ್ತಕ ಇಡುವ ಪೆಟ್ಟಿಗೆಯಲ್ಲಿ ಬರೆದಿಡಿ. ಪಂಪ್‌ಮನೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುದನ್ನು ಕಳೆದ ತಿಂಗಳು ಎರಡು ಕಡೆ ಕಂಡೆ. ಮನೆಯಾಕೆಗೆ ತಿಳಿದಿರಲಿ, ಮೋಟಾರು ನಿಲ್ಲಿಸುವ ಪ್ರಸಂಗ ಅವರಿಗೂ ಬರುತ್ತದೆ. ಕೆಲಸ ಬಿಟ್ಟುಹೋದ ಆಳಿಗೆ ತಿಳಿದಿದ್ದರೆ ಆ ದಿನವೇ ಬದಲಾಯಿಸಿ. ಸ್ಟಾರ್ಟರಿನ ಕೈಬಟನ್ನನ್ನು ಮಾತ್ರ ಯಾರ ಮಾತು ಕೇಳಿಯೂ ತೆಗೆಸಬೇಡಿ.

ಸಸಿಮಡಿ ಕಳೆದುಕೊಂಡ ಹಿರಿಯರು ಮತ್ತೆ ಬೀಜ ಹಾಕಿದರು, ನಾಟಿ ತಡವಾಯಿತು. ಅವರ ಕಂಪ್ಯೂಟರಿಗೆ ಈಗ ನಾಲ್ಕು ಮಾತಿನ ಪಾಸ್‌ವರ್ಡಿದೆ, ಏನೆಂದು ನನಗೆ ತಿಳಿಯದು. ಸಂತೆಯ ದಿನ ನಾನು ಪಂಚಾಯಿತಿ ಕಚೇರಿಯಲ್ಲಿರುತ್ತೇನೆ. ಹಳೆಯ ಕಾರ್ಡು ಇರುವವರು ಕಂಪ್ಯೂಟರು, ಕಾರ್ಡು, ಅದರ ಚಾರ್ಜರು ಮೂರನ್ನೂ ತನ್ನಿ. ಹೊಸದಾಗಿ ಬರೆದುಕೊಡುತ್ತೇನೆ. ಪಾಸ್‌ವರ್ಡನ್ನು ನೀವೇ ಒತ್ತಬೇಕು, ಆಗ ನಾನು ಹೊರಗೆ ಜಗುಲಿಯ ಮೇಲೆ ಕುಳಿತಿರುತ್ತೇನೆ.