ಹಾಲೆ ಮತ್ತು ಕಾಸರಕ

ಪಡುಬಿದ್ರಿಯು ಉಡುಪಿ ಜಿಲ್ಲೆಯ ಕಡಲತೀರದ ಒಂದು ಊರು. ಪಡುವಣ ದಿಕ್ಕಿನ ಬಿದಿರಿನಿಂದ ಅದಕ್ಕೆ ಆ ಹೆಸರು ಬಂದಿತೆಂದು ಹೇಳುವರು. ತೆಂಕಣದ ಕಾಸರಗೋಡಿನ ಹೆಸರಿಗೆ ಕಾಸರಕ ಮರವೇ ಮೂಲವೆಂಬ ಅಭಿಪ್ರಾಯವೂ ಉಂಟು. ಊರಿಗೆ ಮರದ ಹೆಸರನ್ನಿಟ್ಟ ಹಿರಿಯರಿಗೆ ಮರಗಳ ಪರಿಚಯ ಚೆನ್ನಾಗಿದ್ದಿತು. ಆ ಪರಿಚಯದ ಅಗತ್ಯವನ್ನು ಆಟಿ ಅಮಾವಾಸ್ಯೆಯ ಆಚರಣೆಯೊಂದು ನಮಗೆ ಮನಗಾಣಿಸುತ್ತದೆ.

ಜುಲೈ–ಆಗಸ್ಟ್ ಅವಧಿಯ ಆಟಿ ತಿಂಗಳು ತುಳುನಾಡಿನಲ್ಲಿ ಜಡಿಮಳೆಯ ಕಾಲ. ಆ ತಿಂಗಳ ಅಮಾವಾಸ್ಯೆಯಂದು ಸೂರ್ಯೋದಯಕ್ಕೆ ಮುನ್ನವೇ ಹಾಲೆಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತರುವುದು ವಾಡಿಕೆ. ತುಳುವಿನಲ್ಲಿ ಈ ಮರಕ್ಕೆ ಪಾಲೆ ಎನ್ನುವರು. ತೊಗಟೆಯ ರಸಕ್ಕೆ ಕಾಳುಮೆಣಸು, ಬೆಳ್ಳುಳ್ಳಿ, ಓಮ ಮುಂತಾದವನ್ನು ಸೇರಿಸಿ ಮನೆಮಂದಿಯೆಲ್ಲ ಕುಡಿಯುತ್ತಾರೆ. ಬಳಿಕ ದೇಹಕ್ಕೆ ತಂಪೆಂದು ಮೆಂತೆಯ ಗಂಜಿ ಉಣ್ಣುತ್ತಾರೆ. ಇದರಿಂದ ರೋಗಗಳು ದೂರವಾಗುವುವೆಂಬುದು ಜನರ ನಂಬಿಕೆ.

ಆದರೆ ಅದೇ ಗುಡ್ಡದಲ್ಲಿ ಕಾಸರಕವೂ ಬೆಳೆಯುತ್ತದೆ. ಎರಡರ ತೊಗಟೆಯೂ ಬೂದುಬಣ್ಣದ್ದು. ಎರಡೂ ಬಲು ಕಹಿ. ಕತ್ತಲೆಯಲ್ಲಿ ಕಣ್ಣು ತಪ್ಪಿದರೆ ನಾಲಿಗೆಯೂ ಎಚ್ಚರಿಸಲಾರದು. ಮದ್ದೆಂದು ಕುಡಿದದ್ದು ವಿಷವಾಗಿ ಪ್ರಾಣವನ್ನೇ ತೆಗೆಯಬಹುದು.

ಇದಕ್ಕೆ ಕಾರಣವೇನು? ಸಸ್ಯಗಳು ತಮ್ಮೊಳಗೆ ಆಲ್ಕಲಾಯ್ಡ್ ಎಂಬ ಸಾರಜನಕಯುಕ್ತ ವಸ್ತುಗಳನ್ನು ತಯಾರಿಸುತ್ತವೆ. ಪ್ರಾಣಿಗಳಿಂದ ತಮ್ಮನ್ನು ಕಾಪಾಡಿಕೊಳ್ಳಲು ಅವು ಸಸ್ಯಗಳಿಗೆ ನೆರವಾಗುತ್ತವೆ. ಕಾಫಿಯ ಕೆಫೀನ್, ಹೊಗೆಸೊಪ್ಪಿನ ನಿಕೋಟಿನ್, ಸಿಂಕೋನಾ ತೊಗಟೆಯ ಕ್ವಿನೈನ್ ಇವೆಲ್ಲವೂ ಆಲ್ಕಲಾಯ್ಡುಗಳೇ. ಹಾಲೆಯ ತೊಗಟೆಯಲ್ಲಿ ಎಕಿಟಮೀನ್ ಮೊದಲಾದವು ಇವೆ. ಕಾಸರಕದ ಬೀಜ ಹಾಗೂ ತೊಗಟೆಗಳಲ್ಲಿರುವುವು ಸ್ಟ್ರಿಕ್ನಿನ್ ಮತ್ತು ಬ್ರೂಸಿನ್.

ಸ್ಟ್ರಿಕ್ನಿನನ್ನು 1818ರಲ್ಲಿ ಫ್ರಾನ್ಸಿನ ಪೆಲ್ಲೆಟಿಯೆ ಮತ್ತು ಕಾವೆಂಟು ಎಂಬ ವಿಜ್ಞಾನಿಗಳು ಮೊದಲಿಗೆ ಬೇರ್ಪಡಿಸಿದರು. ಅಮೆರಿಕದ ವುಡ್‌ವರ್ಡ್ ಮತ್ತು ಅವರ ಸಂಗಡಿಗರು 1954ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿ ಸಂಶ್ಲೇಷಿಸಿದರು. ನಮ್ಮ ಬೆನ್ನುಹುರಿಯಲ್ಲಿ ಗ್ಲೈಸೀನ್ ಎಂಬ ವಸ್ತು ಸ್ನಾಯುಗಳ ಚಲನೆಯನ್ನು ಹತೋಟಿಯಲ್ಲಿಡುತ್ತದೆ. ಸ್ಟ್ರಿಕ್ನಿನ್ ಆ ಹತೋಟಿಯನ್ನು ತಪ್ಪಿಸುತ್ತದೆ. ಆಗ ಸಣ್ಣ ಸದ್ದಿಗೂ ಮೈಯೆಲ್ಲ ಸೆಟೆದುಕೊಳ್ಳುತ್ತದೆ. ಉಸಿರಾಟದ ಸ್ನಾಯುಗಳು ಬಿಗಿದು ಮರಣ ಸಂಭವಿಸಬಹುದು. ಕುದಿಸಿದರೂ ಈ ವಿಷ ನಾಶವಾಗದು. ಶಂಕೆ ಬಂದೊಡನೆ ರೋಗಿಯನ್ನು ಆಸ್ಪತ್ರೆಗೆ ಸೇರಿಸಬೇಕೇ ಹೊರತು ಮನೆಮದ್ದಿನಲ್ಲಿ ಕಾಲ ಕಳೆಯಬಾರದು.

ಹಗಲಿನಲ್ಲಿ ಈ ಮರಗಳನ್ನು ಗುರುತಿಸುವುದು ಕಷ್ಟವಲ್ಲ. ಹಾಲೆಯ ಎಲೆಗಳು ಒಂದೇ ಗೆಣ್ಣಿನ ಸುತ್ತ ನಾಲ್ಕರಿಂದ ಏಳರವರೆಗೆ ಚಕ್ರಾಕಾರವಾಗಿ ಜೋಡಣೆಗೊಂಡಿರುತ್ತವೆ. ಆದುದರಿಂದಲೇ ಸಂಸ್ಕೃತದಲ್ಲಿ ಇದು ಸಪ್ತಪರ್ಣ. ಗಾಯವಾದಲ್ಲಿ ಬಿಳಿ ಹಾಲು ಒಸರುತ್ತದೆ. ಕಾಸರಕದ ಎಲೆಗಳಾದರೋ ಎದುರುಬದುರಾಗಿ ಎರಡೆರಡು. ಪ್ರತಿ ಎಲೆಯಲ್ಲೂ ಬುಡದಿಂದ ಹೊರಟ ಮೂರೋ ಐದೋ ನರಗಳು ಎದ್ದು ಕಾಣುತ್ತವೆ. ಅದರಲ್ಲಿ ಹಾಲು ಬಾರದು. ಅದರ ಹಣ್ಣು ಕಿತ್ತಳೆ ಬಣ್ಣದ್ದು. ಬೀಜವು ನಾಣ್ಯದಂತೆ ಚಪ್ಪಟೆ.

ಕಾಸರಕವನ್ನು ಕಡಿದೊಗೆಯಬೇಕೆಂದು ಇದರ ಅರ್ಥವಲ್ಲ. ಅದರ ಬೀಜವನ್ನು ವಿಧಿವತ್ತಾಗಿ ಶೋಧಿಸಿ ಔಷಧದಲ್ಲಿ ಬಳಸುವ ಕ್ರಮ ಆಯುರ್ವೇದದಲ್ಲಿದೆ. ಅದು ಬಲ್ಲ ವೈದ್ಯರ ಕೆಲಸ. ಆಚರಣೆಯನ್ನು ಉಳಿಸಿಕೊಳ್ಳಬಯಸುವವರು ಹಿಂದಿನ ದಿನದ ಬೆಳಕಿನಲ್ಲೇ ಮರವನ್ನು ಬಲ್ಲವರಿಂದ ಗುರುತಿಸಿಕೊಳ್ಳಬೇಕು. ಸಂದೇಹವಿದ್ದಲ್ಲಿ ಕುಡಿಯದಿರುವುದೇ ಲೇಸು. ಹಿರಿಯರು ನಮಗೆ ಕಷಾಯವನ್ನಷ್ಟೇ ಬಿಟ್ಟುಹೋಗಲಿಲ್ಲ; ಮರವನ್ನು ಅರಿಯುವ ವಿವೇಕವನ್ನೂ ಬಿಟ್ಟುಹೋಗಿದ್ದಾರೆ. ಎರಡನೆಯದಿಲ್ಲದೆ ಮೊದಲನೆಯದು ಅಪಾಯಕರ.