ಜೂಮ್ ಮಾಡಿದೊಡನೆ ಗುರಿ ತಪ್ಪುತ್ತದೆಯೇ?

ಬೇವೂರಿನ ಓದುಗ ಮಿತ್ರರೇ, ಜಾಯ್‌ಸ್ಟಿಕ್ ಕೆಟ್ಟಿಲ್ಲ, ಹೊಸದಕ್ಕೆ ದುಡ್ಡು ಸುರಿಯಬೇಡಿ. ಹಾರಾಟದ ಸಿಮ್ಯುಲೇಟರ್ ಆಟವಾದ ಡಿಸಿಎಸ್ ವರ್ಲ್ಡ್‌ನ ಅಪಾಚೆ ಹೆಲಿಕಾಪ್ಟರಿನಲ್ಲಿ ಜೂಮ್ ಮಾಡಿದಾಗ ಮಾತ್ರ ಕ್ಯಾಮೆರಾ ಗುರಿ ದಾಟಿ ಓಡುತ್ತದೆ ಎಂದು ನೀವೇ ಬರೆದಿದ್ದೀರಿ. ಕಾರಣ ಅಲ್ಲೇ ಇದೆ. ಕ್ಯಾಮೆರಾ 1 ಡಿಗ್ರಿ ತಿರುಗಿದರೆ 3 ಕಿ.ಮೀ. ದೂರದಲ್ಲಿ ನೋಟ ಸುಮಾರು 52 ಮೀಟರ್ ಸರಿಯುತ್ತದೆ. ಅಗಲ ನೋಟದಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಪೂರ್ತಿ ಜೂಮಿನಲ್ಲಿ ಗುರಿಯಾದ ಟ್ಯಾಂಕ್ ಪರದೆಯಿಂದಲೇ ಮಾಯ.

ಮೊದಲು ಕ್ಯಾಮೆರಾ ಚಲನೆಯನ್ನು ಯಾವುದಕ್ಕೆ ಜೋಡಿಸಿದ್ದೀರಿ ನೋಡಿ. ಕೀಲಿಗೋ ಹ್ಯಾಟ್ ಸ್ವಿಚ್ಚಿಗೋ ಆದರೆ ಎಷ್ಟು ತಿದ್ದಿದರೂ ಫಲವಿಲ್ಲ, ಏಕೆಂದರೆ ಅವಕ್ಕೆ ಮೆಲ್ಲಗೆ, ಜೋರಾಗಿ ಎಂಬ ಭೇದವೇ ತಿಳಿಯದು. ಹೆಬ್ಬೆರಳಿನ ಪುಟ್ಟ ಅನಲಾಗ್ ಕಡ್ಡಿಗೆ ಜೋಡಿಸಿ, ಆಟದ ನಿಯಂತ್ರಣ ಸೆಟ್ಟಿಂಗಿನಲ್ಲಿ ‘ಆಕ್ಸಿಸ್ ಟ್ಯೂನ್’ ತೆರೆಯಿರಿ. ‘ಸ್ಯಾಚುರೇಶನ್ ವೈ’ ಇಳಿಸಿದರೆ ಗರಿಷ್ಠ ವೇಗವೇ ತಗ್ಗುತ್ತದೆ, 50ರಿಂದ ಶುರುಮಾಡಿ. ‘ಕರ್ವೇಚರ್’ 20ರ ಆಸುಪಾಸು ಇಟ್ಟರೆ ನಡುಭಾಗ ಮೃದುವಾಗುತ್ತದೆ, ನನ್ನ ಮಟ್ಟಿಗೆ ಇದೇ ಮುಖ್ಯ. ಕೈಬಿಟ್ಟಾಗಲೂ ಕ್ಯಾಮೆರಾ ಜಾರುತ್ತಿದ್ದರೆ ಮಾತ್ರ ‘ಡೆಡ್‌ಝೋನ್’ 3ಕ್ಕೋ 4ಕ್ಕೋ ಏರಿಸಿ. ಅಡ್ಡ, ಉದ್ದ ಎರಡೂ ಅಕ್ಷಗಳಿಗೆ ಒಂದೇ ಅಂಕಿ ಇರಲಿ, ಮತ್ತು ಪರೀಕ್ಷೆಯನ್ನು ಜೂಮ್ ಮಾಡಿಯೇ ನಡೆಸಿ.

ನಮ್ಮ ‘ಪ್ರಚಂಡ್’ ಬಗ್ಗೆಯೂ ಕೇಳಿದ್ದೀರಿ. ಬೆಂಗಳೂರಿನ ಎಚ್‌ಎಎಲ್ ರೂಪಿಸಿದ ಈ ಹೆಲಿಕಾಪ್ಟರ್ 2022ರ ಅಕ್ಟೋಬರ್ 3ರಂದು ವಾಯುಪಡೆ ಸೇರಿತು. ಅದರ ಮೂತಿಯಲ್ಲೂ ಗುರಿ ಹುಡುಕುವ ಕ್ಯಾಮೆರಾ ಇದೆ.

ಕೊನೆಗೆ, ‘ಆಕ್ಸಿಸ್ ಟ್ಯೂನ್’ನಲ್ಲಿ ಒಂದು ಸಲಕ್ಕೆ ಒಂದೇ ಅಂಕಿ ಬದಲಿಸಿ, ಹಳೆಯದನ್ನು ಬರೆದಿಟ್ಟುಕೊಳ್ಳಿ.